ತಂಗಿಯ ಕೈತುತ್ತು, ಅಕ್ಕನ ಹೊಟ್ಟೆನೋವು

ಬೆಳಿಗ್ಗೆ ಎಂಟೂವರೆಯ ಬಸ್ಸು ಬೇವಿನ ಮರದ ಕೆಳಗೆ ಬಂದು ನಿಂತಿತು. ಮೊಗುಡಂಪಲ್ಲಿ ಕಡೆಯ ಆ ಸಣ್ಣ ಊರಿನಿಂದ ಜಹೀರಾಬಾದಿಗೆ ಹೋಗುವ ಹೆಂಗಸರು ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಒಬ್ಬೊಬ್ಬರಾಗಿ ಹತ್ತಿದರು. ಎಲ್ಲರ ಹಿಂದೆ ಮಾಣಿಕಮ್ಮ ಇದ್ದಳು. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಅಷ್ಟರಲ್ಲಿ ಒದ್ದೆ ಬಟ್ಟೆ ಹಿಂಡಿದ ಹಾಗೆ ಅವಳ ಹೊಟ್ಟೆ ಹಿಂಡಿತು. ಕಾಲನ್ನು ಮತ್ತೆ ನೆಲಕ್ಕಿಟ್ಟಳು.

"ಹತ್ತಮ್ಮಾ, ಲೇಟ್ ಆಗ್ಲತ್ತದ," ಎಂದ ಕಂಡಕ್ಟರ್.

"ನೀವು ನಡೀರಿ. ನಾ ನಾಳಿ ಬರ್ತೀನಿ."

"ಹೋದ ವಾರಾನೂ ನಾಳಿ ಅಂದಿದ್ದಿ. ನಿನ್ನ ನಾಳಿ ಯಾವ ತಿಂಗಳದಾಗ ಬರ್ತದವ್ವ?"

ಬಸ್ಸಿನಲ್ಲಿದ್ದವರು ನಕ್ಕರು. ಮಾಣಿಕಮ್ಮ ನಗಲಿಲ್ಲ. ಸೆರಗು ಬಿಗಿಹಿಡಿದು ಮನೆಯ ಕಡೆ ಓಡಿದಳು. ಅವಳಿಗೆ ಆ ಹೊತ್ತಿಗೆ ಬೇಕಾಗಿದ್ದುದು ಬಸ್ಸಲ್ಲ, ಮನೆಯ ಹಿಂದಿನ ಪಾಯಿಖಾನೆ.

ಬಸ್ಸಿನ ಕಿಟಕಿಯ ಪಕ್ಕ ಆಶಾ ಕಾರ್ಯಕರ್ತೆ ಸ್ವರೂಪಾ ಕೂತಿದ್ದಳು. ಆ ಭಾನುವಾರ ದವಾಖಾನೆಯಲ್ಲಿ ನಡೆಯುವ ಶಿಬಿರಕ್ಕೆ ಮಾಣಿಕಮ್ಮನನ್ನು ಹೊರಡಿಸಿದವಳು ಅವಳೇ. "ನಿಂದ್ರಸ್ರಿ, ನಂದೂ ನಾಳೀನೇ," ಎಂದು ಕಂಡಕ್ಟರಿಗೆ ಹೇಳಿ ಇಳಿದು, ಮಾಣಿಕಮ್ಮನ ಹಿಂದೆಯೇ ನಡೆದಳು.

ಮಾಣಿಕಮ್ಮನಿಗೆ ಈಗ ನಲವತ್ತೊಂದು ವರ್ಷ. ಗಂಡ ಬೀರಣ್ಣ ಕುರಿ ಸಾಕುತ್ತಾನೆ, ಎರಡು ಎಕರೆಯಲ್ಲಿ ತೊಗರಿ, ಜೋಳ ಬೆಳೆಯುತ್ತಾನೆ. ಮಾಣಿಕಮ್ಮನ ಹೊಟ್ಟೆನೋವು ಶುರುವಾಗಿ ನಾಲ್ಕು ವರ್ಷವಾಗಿತ್ತು. ಒಂದು ವಾರ ಆರಾಮ, ಇನ್ನೊಂದು ವಾರ ಸಂಕಟ. ಕೆಲವು ದಿನ ಬೆಳಿಗ್ಗೆ ನಾಲ್ಕು ಸಲ ಹೊರಗೆ ಹೋಗಬೇಕು. ಕೆಲವು ಸಲ ಮೂರು ದಿನ ಕಳೆದರೂ ಇಲ್ಲ. ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿ ಡೊಳ್ಳಿನ ಹಾಗೆ ಬಿಗಿಯುತ್ತಿತ್ತು. ಹೊರಗೆ ಹೋಗಿ ಬಂದ ಮೇಲೆ ನೋವು ಸ್ವಲ್ಪ ಇಳಿಯುತ್ತಿತ್ತು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಡಿ. ಡಾಕ್ಟರ್ ಕೂಡ ಇದನ್ನೇ ಕೇಳುತ್ತಾರೆ.

ಸ್ವರೂಪಾ ಮನೆಗೆ ಬಂದಾಗ ಬೀರಣ್ಣ ಕುರಿದೊಡ್ಡಿಯ ಬಾಗಿಲಲ್ಲಿ ಕುಂಟುವ ಕುರಿಯೊಂದರ ಗೊರಸು ನೋಡುತ್ತಿದ್ದ.

"ಅಣ್ಣಾ, ಅಕ್ಕ ಮತ್ತ ಬಸ್ ಬಿಟ್ಟಳು. ಎಷ್ಟು ದಿನ ಹಿಂಗ? ದವಾಖಾನಿಗಿ ತೋರಸ್ಬೇಕು."

"ದವಾಖಾನಿ ಬ್ಯಾನಿ ಅಲ್ಲ ಇದು," ಎಂದ ಬೀರಣ್ಣ, ಗೊರಸಿನಿಂದ ಕಣ್ಣು ಎತ್ತದೆ. "ಇದು ತಿನಸಿದ ಬ್ಯಾನಿ."

"ಯಾರು ತಿನಸ್ಯಾರ? ಏನ್ ತಿನಸ್ಯಾರ?"

ಬೀರಣ್ಣ ಗೊರಸಿನಲ್ಲಿ ಸಿಕ್ಕಿದ್ದ ಮುಳ್ಳು ಕಿತ್ತ. ಮಾಣಿಕಮ್ಮ ಕೈಕಾಲು ತೊಳೆದು ಬಂದು ಕಟ್ಟೆಯ ಮೇಲೆ ಕೂತಳು. ಆಗ ಒಳಗೆ ಗೋಡೆಯ ಗೂಡಿನಲ್ಲಿದ್ದ ಫೋನ್ ರಿಂಗಾಯಿತು. ಅಂದು ಭಾನುವಾರ. ಗಂಡ ಹೆಂಡತಿ ಇಬ್ಬರೂ ಎದ್ದು ಹೋಗಲಿಲ್ಲ. ಫೋನ್ ರಿಂಗಾಗಿ ರಿಂಗಾಗಿ ತಾನೇ ಸುಮ್ಮನಾಯಿತು. ಅದು ಸುಮ್ಮನಾದ ಮೇಲೂ ಮಾಣಿಕಮ್ಮ ಗೂಡಿನ ಕಡೆಯೇ ನೋಡುತ್ತಿದ್ದಳು.

"ಯಾರ ಫೋನ್ ಅಕ್ಕಾ?"

"ಭವಾನಿದು," ಎಂದಳು ಮಾಣಿಕಮ್ಮ. "ನನ್ನ ತಂಗಿದು. ಪ್ರತಿ ಐತ್ವಾರ ಮಾಡ್ತಾಳ."

"ಮತ್ತ ಎತ್ತಂಗಿಲ್ಲ?"

"ಎತ್ತಂಗಿಲ್ಲ."

ಆಗ ಬೀರಣ್ಣನೇ ಎಲ್ಲ ಹೇಳಿದ. ಭವಾನಿ ಇರುವುದು ತಾಂಡೂರಿನ ಹತ್ತಿರದ ಕರಣಕೋಟದಲ್ಲಿ. ಗಂಡ ಹಾಸುಗಲ್ಲಿಗೆ ಪಾಲಿಶ್ ಮಾಡುತ್ತಾನೆ, ಅವಳು ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಾಳೆ. ನಾಲ್ಕು ವರ್ಷದ ಹಿಂದೆ ಎಳ್ಳಮಾವಾಸ್ಯೆಗೆ ಅವಳು ಅಕ್ಕನ ಮನೆಗೆ ಬಂದಿದ್ದಳು. ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ, ಪೈರಿಗೆ ನೈವೇದ್ಯದ ಚರಗ ಚೆಲ್ಲಿ, ಊಟಕ್ಕೆ ಕೂತರು. ಬಜ್ಜಿ ಮಾಡಿದವಳು ಭವಾನಿ. ನಮ್ಮ ಕಡೆಯ ಬಜ್ಜಿ ಎಂದರೆ ಗೊತ್ತಲ್ಲ, ಹಸಿ ಕಡಲೆ, ಹಸಿ ತೊಗರಿ, ಅವರೆ, ಶೇಂಗಾ, ಹತ್ತು ಬಗೆಯ ಸೊಪ್ಪು, ಮುಷ್ಟಿ ಬೆಳ್ಳುಳ್ಳಿ, ಎಲ್ಲ ಒಂದೇ ಗಡಿಗೆಯಲ್ಲಿ ಬೆಂದದ್ದು. "ಅಕ್ಕಾ, ಇನ್ನೊಂದು ತುತ್ತು," ಎಂದು ಭವಾನಿ ತನ್ನ ಕೈಯಿಂದಲೇ ಅಕ್ಕನಿಗೆ ತಿನ್ನಿಸಿದ್ದಳು. ಆ ಸಂಜೆ ಮಾಣಿಕಮ್ಮನ ಹೊಟ್ಟೆ ಮೊದಲ ಸಲ ಹಾಗೆ ಉಬ್ಬಿ ಹಿಂಡಿತು.

ಮೂರು ತಿಂಗಳು ಕಳೆದರೂ ನೋವು ಹೋಗಲಿಲ್ಲ. ಯಾರೋ ಹೇಳಿದರೆಂದು ಬೀರಣ್ಣ ಅವಳನ್ನು, ಊಟದಲ್ಲಿ ಕದ್ದು ಹಾಕಿದ ಮದ್ದು ತೆಗೆಯುವವನೊಬ್ಬನ ಹತ್ತಿರ ಕರೆದುಕೊಂಡು ಹೋದ. ಅವನು ಏನೋ ಕುಡಿಸಿ ವಾಂತಿ ಮಾಡಿಸಿ, ಬೇಸಿನ್‌ನಿಂದ ಕಪ್ಪನೆಯ ಉಂಡೆಯೊಂದನ್ನು ಎತ್ತಿ ತೋರಿಸಿದ. "ಮನಿ ಹೊರಗ, ಕೈಲಿಂದ ತಿನಸಿದವರು ಯಾರದಾರ, ನೆನಸ್ಕೋ," ಎಂದ. ಹೆಸರು ಅವನು ಹೇಳಲೇ ಇಲ್ಲ. ಇವರೇ ಹೇಳಿಕೊಂಡರು.

"ಅವತ್ತೇ ಫೋನ್ ಮಾಡಿ ಹೇಳ್ದೆ, ನಮ್ಮ ಹೊಸ್ತಿಲ ತುಳೀಬ್ಯಾಡ ಅಂತ," ಎಂದ ಬೀರಣ್ಣ.

"ಮದ್ದ ತೆಗದ ಮ್ಯಾಲ ಬ್ಯಾನಿ ಹೋಯ್ತೇನಣ್ಣ?" ಎಂದು ಕೇಳಿದಳು ಸ್ವರೂಪಾ.

"ಇಲ್ಲ. ಮದ್ದಿನ ಬೇರು ಒಳಗ ಉಳದದ ಅಂದ."

"ನಾಕು ವರ್ಷ ಬೇರು ಉಳದದ?"

ಬೀರಣ್ಣ ಕುರಿಯ ಕಾಲು ಬಿಟ್ಟ. "ನೋಡವ್ವ, ಕುರಿಗಿ ಹೊಟ್ಟಿ ಉಬ್ಬಿದ್ರ ಎಣ್ಣಿ ಕುಡಸ್ತೀವಿ, ಜರಾ ಓಡಸ್ತೀವಿ, ಆತು. ಮನಷ್ಯಾರಿಗಿ ಯಾಕ ಇಷ್ಟು ದಿನ?"

"ಕುರಿ ತಂಗಿ ಮ್ಯಾಲ ಸಿಟ್ ಮಾಡ್ಕೊಂಡು ನಾಕು ವರ್ಷ ಕುಂದ್ರಂಗಿಲ್ಲ ಅಣ್ಣಾ," ಎಂದಳು ಸ್ವರೂಪಾ. ಬೀರಣ್ಣನಿಗೆ ನಗು ಬಂತು, ಆದರೆ ನುಂಗಿಕೊಂಡ. ಸ್ವರೂಪಾ ಮುಂದುವರಿಸಿದಳು, "ಮದ್ದೋ ಅಲ್ಲೋ, ಅದು ನಾ ಹೇಳಂಗಿಲ್ಲ. ಒಂದ್ ಸಲ ಡಾಕ್ಟರಮ್ಮ ನೋಡ್ಲಿ. ಬಸ್ ಬ್ಯಾಡ. ನಿಮ್ಮ ಗಾಡಿ ಮ್ಯಾಲ ಕರಕೊಂಡ್ ಹೋಗ್ರಿ, ಆಕಿ ಎಲ್ಲೆಲ್ಲಿ ಅಂತಾಳ ಅಲ್ಲಲ್ಲಿ ನಿಂದ್ರಸ್ರಿ."

"ಕುರಿ ಹೊಡ್ಕೊಂಡ್ ಹೋದಂಗ?"

"ಕುರಿಕಿಂತ ಜರಾ ಮರ್ಯಾದಿಲಿಂದ."

ಮರುದಿನ ಗಂಡ ಹೆಂಡತಿ ಗಾಡಿಯಲ್ಲಿ ಹೋದಾಗ ಜಹೀರಾಬಾದಿನ ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರ್ ಪೂರ್ಣಿಮಾ ಇದ್ದರು. ಬೀದರ್ ಕಡೆಯವರು, ನಮ್ಮ ಮಾತೇ ಅವರದು. ಅವರು ಮಾಣಿಕಮ್ಮನನ್ನು ಕೂರಿಸಿ ಬಹಳ ಪ್ರಶ್ನೆ ಕೇಳಿದರು. ವಾರದಲ್ಲಿ ಎಷ್ಟು ದಿನ ನೋವು? ಹೊರಗೆ ಹೋಗಿ ಬಂದ ಮೇಲೆ ಇಳಿಯುತ್ತದೆಯೇ? ಮಲದಲ್ಲಿ ರಕ್ತ ಕಂಡಿದೆಯೇ? ತೂಕ ತಾನಾಗಿ ಇಳಿದಿದೆಯೇ? ಜ್ವರ ಬರುತ್ತದೆಯೇ? ನಿದ್ದೆಯಲ್ಲಿದ್ದವಳನ್ನು ಭೇದಿ ಎಬ್ಬಿಸುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ?

ಮಾಣಿಕಮ್ಮ ನಾಚಿಕೊಂಡೇ ಒಂದೊಂದಕ್ಕೂ ಉತ್ತರ ಕೊಟ್ಟಳು. ಈ ಮಾತುಗಳನ್ನೆಲ್ಲ ಅವಳು ಗಂಡನ ಮುಂದೂ ಆಡಿರಲಿಲ್ಲ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು. ರಕ್ತ, ಮಲ ಪರೀಕ್ಷೆ ಮಾಡಿಸಿದರು, ಸ್ಕ್ಯಾನಿಂಗ್‌ಗೂ ಬರೆದರು. ವಾರ ಬಿಟ್ಟು ಕಾಗದಗಳನ್ನೆಲ್ಲ ನೋಡಿ, "ಎಲ್ಲಾ ಚಲೋ ಬಂದದ," ಎಂದರು.

ಬೀರಣ್ಣನಿಗೆ ಸಿಟ್ಟು ಬಂತು. "ಅಂದ್ರ ಏನ್ರಿ? ನನ್ನ ಹೆಂತಿ ನಾಕು ವರ್ಷಲಿಂದ ನಾಟಕ ಮಾಡ್ಲತ್ತಾಳೇನು?"

"ಇಲ್ರಿ. ಆಕಿ ನೋವು ಖರೇ ಅದ," ಎಂದರು ಡಾಕ್ಟರಮ್ಮ. "ನಿಮ್ಮ ದೊಡ್ಡಿಗಿ ನಾಯಿ ಅದ ಇಲ್ಲೋ?"

"ಎರಡವ."

"ಒಂದು ನಾಯಿ ಭಾಳ ಅಂಜುಬುರುಕ ಅದ ಅಂತ ತಿಳ್ಕೊರ್ರಿ. ತೋಳ ಬಂದ್ರೂ ಬೊಗಳ್ತದ, ಎಲಿ ಅಲುಗಾಡಿದ್ರೂ ಬೊಗಳ್ತದ. ದೊಡ್ಡಿ ಬರೋಬರ್ ಅದ, ಬೇಲಿ ಬರೋಬರ್ ಅದ, ಕುರಿ ಎಲ್ಲಾ ಅವ. ಆದ್ರೂ ನಿಮಗ ನಿದ್ದಿ ಇಲ್ಲ. ಹೌದಿಲ್ಲೋ? ಈಕಿ ಕರುಳೂ ಹಂಗೇ. ಕರುಳಿನಾಗ ಹುಣ್ಣಿಲ್ಲ, ಗಡ್ಡಿ ಇಲ್ಲ. ಆದ್ರ ಕರುಳಿನ ನರ ಭಾಳ ಚುರುಕ್ ಆಗ್ಯಾವ. ಜರಾ ಗ್ಯಾಸ್ ಆದ್ರೂ, ಜರಾ ಫಿಕರ್, ಚಿಂತಿ ಆದ್ರೂ ಒದರ್ತಾವ. ಇದಕ್ಕ ಇರಿಟಬಲ್ ಬವೆಲ್ ಸಿಂಡ್ರೋಮ್ ಅಂತಾರ. ಐಬಿಎಸ್ ಅಂದ್ರ ಸಾಕು. ಭಾಳ ಮಂದಿಗಿ ಇರ್ತದ. ಹೇಳಾಕ ನಾಚ್ತಾರ, ಅಷ್ಟೇ."

"ಇದು ಕ್ಯಾನ್ಸರ್ ಆಗ್ತದೇನ್ರಿ?" ಎಂದು ಮಾಣಿಕಮ್ಮ ಕೇಳಿದಳು. ನಾಲ್ಕು ವರ್ಷದಿಂದ ಬಾಯಿಯೊಳಗಿದ್ದ ಪ್ರಶ್ನೆ ಅದು.

"ಐಬಿಎಸ್ ಕ್ಯಾನ್ಸರ್ ಆಗಂಗಿಲ್ಲ. ಜೀವಕ್ಕ ಅಪಾಯ ಇಲ್ಲ. ಆದ್ರ ಒಂದೇ ಸೂಜಿಗಿ ಹೋಗೂದೂ ಅಲ್ಲ. ಇದರ ಸಂಗಟ ಬಾಳೂದು ಕಲೀಬೇಕು."

"ಅಂಜುಬುರುಕ ನಾಯಿಗಿ ಹೊಡದ್ರ ಇನ್ನಾ ಬೊಗಳ್ತದ," ಎಂದ ಬೀರಣ್ಣ ತನ್ನಷ್ಟಕ್ಕೆ.

"ಅದೇ ಮಾತು ನಂದೂ. ವಾಂತಿ ಮಾಡ್ಸೂದು, ಉಪಾಸ ಕೆಡವೂದು, ದಿನಾ ನೋವಿನ ಸೂಜಿ ಚುಚ್ಸೂದು, ಇವೆಲ್ಲಾ ಹೊಡದಂಗ. ಈಗ ಹೇಳು ಮಾಣಿಕಮ್ಮ, ದಿನಾ ಏನೇನ್ ಉಣ್ತಿ?"

ಜೋಳದ ರೊಟ್ಟಿ, ಪಲ್ಯ, ತೊಗರಿಬೇಳೆ, ನಾಲ್ಕೈದು ಸಲ ಚಹಾ. ಇಷ್ಟು ಹೇಳಿ ಅವಳು ನಿಲ್ಲಿಸಿದಳು.

"ಹಾಲ್ ಹೇಳೂದೇ ಬಿಟ್ಟಿ ನೋಡು," ಎಂದ ಬೀರಣ್ಣ ಹೆಮ್ಮೆಯಿಂದ. "ದಿನಾ ಮಲಗೂಕಿಂತ ಮೊದಲ ಒಂದು ದೊಡ್ಡ ಗ್ಲಾಸ್ ಹಾಲು ಕೊಡ್ತೀನ್ರಿ. ಎಂಟು ಎಸಳು ಬೆಳ್ಳುಳ್ಳಿ ಹಾಕಿ ನಾನೇ ಕಾಸ್ತೀನಿ. ಹೊಟ್ಟಿ ತಣ್ಣಗಾಗ್ಲಿ ಅಂತ. ನಾಕು ವರ್ಷದಾಗ ಒಂದ್ ದಿನಾನೂ ತಪ್ಪಸಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು, "ಕೆಲವರ ಹೊಟ್ಟಿಗಿ ಹಾಲು ಒಗ್ಗಂಗಿಲ್ಲಣ್ಣ. ಗ್ಯಾಸ್ ಆಗ್ತದ, ಹಿಂಡ್ತದ, ಭೇದಿ ಆಗ್ತದ. ಐಬಿಎಸ್ ಇದ್ದವರಿಗಿ ಬೆಳ್ಳುಳ್ಳಿ, ಉಳ್ಳಾಗಡ್ಡಿ, ಇಡೀ ಕಾಳುನೂ ಭಾಳ ಸಲ ಹಂಗೇ ಮಾಡ್ತಾವ. ಈಕಿಗಿ ಯಾವುದು ಆಗಂಗಿಲ್ಲ ಅಂತ ಈಗೇ ಹೇಳಾಕ ಆಗಂಗಿಲ್ಲ, ನೋಡ್ಬೇಕು. ಮೊದಲ ನಾಕು ವಾರ ಹಾಲು ನಿಂದ್ರಸ್ರಿ. ಬೆಳ್ಳುಳ್ಳಿ, ಕಾಳು ಕಡಿಮಿ ಮಾಡ್ರಿ. ಆಮ್ಯಾಲ ಒಂದೊಂದೇ ತಿರುಗಿ ಕೊಟ್ಟು ನೋಡೂಣು."

ಬೀರಣ್ಣನ ಮುಖ ಬಾಡಿತು. "ನಾ ಪ್ರೀತಿಲಿಂದ ಕೊಟ್ಟೀನ್ರಿ," ಎಂದ. ಆಮೇಲೆ ಅವನೇ ನಿಧಾನವಾಗಿ ಹೇಳಿದ, "ಹಂಗಾರ ನಾಕು ವರ್ಷ ನಾನೇ ದಿನಾ ಮದ್ದು ಹಾಕ್ದಂಗ ಆತಲ್ಲ."

"ನೀವು ಹಾಲು ಹಾಕೀರಿ. ಮದ್ದಲ್ಲ."

"ಮತ್ತ ಆಕಿ?" ಎಂದ ಬೀರಣ್ಣ. "ಭವಾನಿ? ಆಕೀನೂ ಬಜ್ಜೀನೇ ಹಾಕಿದ್ಲೇನು?"

ಮಾಣಿಕಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಡಾಕ್ಟರಮ್ಮ ನೀರಿನಲ್ಲಿ ಕಲಸಿ ಕುಡಿಯಲು ಇಸಬಗೋಲ್ ಕೊಟ್ಟರು. ಹಿಂಡುವ ನೋವು ಬಂದಾಗ ಮಾತ್ರ ನುಂಗಲು ಗುಳಿಗೆ ಕೊಟ್ಟರು. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಉಣ್ಣಬೇಕು, ಚಹಾ ಎರಡಕ್ಕೆ ಇಳಿಸಬೇಕು, ದಿನಾ ನಡೆಯಬೇಕು ಎಂದರು. "ಏನ್ ತಿಂದಿ, ಯಾವಾಗ ನೋವಾತು, ದಿನಾ ಬರದಿಡು," ಎಂದೂ ಹೇಳಿದರು.

ಮಾಣಿಕಮ್ಮನಿಗೆ ಬರೆಯಲು ಬಾರದು. ಆದರೆ ಅವಳು ಉಣ್ಣೆ ನೂಲುತ್ತಾಳೆ. ಕುರಿಯ ಉಣ್ಣೆಗೆ ನಮ್ಮಲ್ಲಿ ತುಪ್ಪಟ ಎನ್ನುತ್ತಾರೆ. ಮನೆಗೆ ಬಂದ ಸ್ವರೂಪಾ, "ಅಕ್ಕಾ, ಪೆನ್ನ ಯಾಕ ಬೇಕು? ದಾರ ಅದಲ್ಲ," ಎಂದಳು. ಇಬ್ಬರೂ ಕೂತು ಉಪಾಯ ಮಾಡಿದರು. ಕಪ್ಪು ಉಣ್ಣೆಯ ಉದ್ದ ದಾರವೊಂದನ್ನು ಅಡುಗೆಮನೆಯ ಮೊಳೆಗೆ ಕಟ್ಟುವುದು. ದಿನಕ್ಕೆ ಒಂದು ಗಂಟು. ನೋವಾದ ದಿನ ಜೋಡಿಗಂಟು. ಮುಂದೆ ಹಾಲು ಕುಡಿದು ನೋಡುವ ದಿನ ಗಂಟಿಗೆ ಬಿಳಿ ಎಳೆ, ಕಾಳು ಅಥವಾ ಬೆಳ್ಳುಳ್ಳಿ ತಿಂದ ದಿನ ಕಂದು ಎಳೆ.

ಮಾಣಿಕಮ್ಮ ಹಿಡಿ ತುಪ್ಪಟ ತೆಗೆದುಕೊಂಡು ತಕಲಿಯಲ್ಲಿ ನೂಲತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

"ಸ್ವರೂಪಾ, ಒಂದ್ ಮಾತ್ ಹೇಳ್ತೀನಿ. ಯಾರಿಗೂ ಹೇಳಿಲ್ಲ."

"ಹೇಳಕ್ಕಾ."

"ಆ ಮದ್ದ ತೆಗಿಯಾಂವ ತೋರಸ್ದ ನೋಡು ಉಂಡಿ. ನನ್ನ ಕೈಯಾಗ ಕೊಟ್ಟಿದ್ದ. ಒತ್ತಿ ನೋಡ್ದೆ. ಅದು ತುಪ್ಪಟ. ಮರಿ ಕುರಿದು, ಮೊದಲ ಸಲ ಕತ್ತರಿಸಿದ್ದು. ಹುಟ್ಟಿದಾಗಿಂದ ಮುಟ್ಟೀನಿ, ನನ್ನ ಬೆರಳಿಗಿ ಗೊತ್ತಾಗಂಗಿಲ್ಲೇನು? ಮ್ಯಾಲ ಹಸಿ ಇತ್ತು. ಒಳಗ ಒಣಗಿತ್ತು."

ಸ್ವರೂಪಾ ಅವಳನ್ನೇ ನೋಡಿದಳು.

"ಮೂರು ತಿಂಗಳು ಹೊಟ್ಟ್ಯಾಗ ಇದ್ದದ್ದು ಒಳಗ ಒಣಗಿರ್ತದೇನು?" ಎಂದಳು ಮಾಣಿಕಮ್ಮ. "ಅವತ್ತೇ ನನಗ ಗೊತ್ತಾಗಿತ್ತು. ಆದ್ರ ಬ್ಯಾನಿ ಅಷ್ಟಿತ್ತು. ಯಾರದರ ಒಂದ್ ಹೆಸರು ಬೇಕಾಗಿತ್ತು ನನಗ. ಬೆರಳ ಹೇಳಿದ್ದು ಬಿಟ್ಟು ಅಂವ ಹೇಳಿದ್ದು ನಂಬಿದೆ."

"ಹಂಗಾರ ಈಗ ಫೋನ್ ಮಾಡು."

"ಯಾವ ಬಾಯಿಲಿಂದ ಮಾಡ್ಲಿ?"

ಅವಳು ಮತ್ತೆ ತಕಲಿ ತಿರುಗಿಸಿದಳು.

ಹಾಲು ನಿಂತಿತು. ಮೊದಲ ವಾರವೇ ಸಂಜೆಯ ಉಬ್ಬರ ಅರ್ಧ ಇಳಿಯಿತು. ಎರಡನೆಯ ವಾರ ಮತ್ತೆ ನೋವು ಬಂತು. "ನೋಡಿದ್ಯಾ, ಡಾಕ್ಟರಮ್ಮನ ಮಾತು ಸುಳ್ಳು," ಎಂದ ಬೀರಣ್ಣ. ಆದರೂ ಅವನು ದಾರ ಬಿಚ್ಚಲು ಬಿಡಲಿಲ್ಲ. ದಿನಾ ಬೆಳಿಗ್ಗೆ ಕುರಿಗಳ ಜೊತೆ ಹೆಂಡತಿಯನ್ನೂ ಹಳ್ಳದವರೆಗೆ ನಡೆಸಿಕೊಂಡು ಹೋಗುತ್ತಿದ್ದ. ದಾರಿಯಲ್ಲಿ ಅವಳು ಎಲ್ಲಿ ನಿಲ್ಲಬೇಕೆಂದರೆ ಅಲ್ಲಿ ನಿಲ್ಲುತ್ತಿದ್ದ. ಮಲಗುವ ಮುಂಚೆ ಹಾಲಿನ ಬದಲು ಬಿಸಿನೀರು ಕಾಯಿಸಿ ಕೊಡುತ್ತಿದ್ದ. ಕೊಡುವುದಕ್ಕೆ ಅವನಿಗೆ ಏನಾದರೂ ಬೇಕಾಗಿತ್ತು.

ನಾಲ್ಕು ವಾರದ ಮೇಲೆ ಒಂದೊಂದಾಗಿ ತಿಂದು ನೋಡಿದಳು. ಮೂರು ದಿನ ಹಾಲು, ಮೂರು ದಿನವೂ ಜೋಡಿಗಂಟು. ತೆಳುವಾದ ತೊಗರಿಬೇಳೆ ಒಂದು ಬಟ್ಟಲು, ಏನೂ ಆಗಲಿಲ್ಲ. ಇಡೀ ಕಡಲೆ ಹೊಟ್ಟೆತುಂಬ ತಿಂದಾಗ ನೋವು, ಎರಡು ಚಮಚ ತಿಂದಾಗ ಇಲ್ಲ. ಮಜ್ಜಿಗೆ ಸ್ವಲ್ಪ ಕುಡಿದರೆ ತೊಂದರೆಯಿಲ್ಲ. ಬೆಳ್ಳುಳ್ಳಿ ಮಾತ್ರ ಅವಳಿಗೆ ಆಗಲೇ ಇಲ್ಲ.

ಎರಡು ತಿಂಗಳ ದಾರವನ್ನು ಸ್ವರೂಪಾ ಮೊಳೆಯಿಂದ ಬಿಚ್ಚಿ ಮಡಿಲಲ್ಲಿ ಹರಡಿಕೊಂಡಳು. ಬಿಳಿ ಎಳೆಯ ಹತ್ತಿರ ಜೋಡಿಗಂಟು, ಕಂದು ಎಳೆಯ ಹತ್ತಿರ ಕೆಲವು. ಆದರೆ ಯಾವ ಎಳೆಯೂ ಇಲ್ಲದ ಜೋಡಿಗಂಟುಗಳೂ ಇದ್ದವು. ಅವಳು ಬೆರಳಿಟ್ಟು ಎಣಿಸಿದಳು. ಏಳು ದಿನಕ್ಕೊಮ್ಮೆ, ಬಹುತೇಕ ತಪ್ಪದೆ.

"ಅಕ್ಕಾ, ಐತ್ವಾರ ಏನ್ ತಿಂತಿ ನೀ?"

"ಏನೂ ಇಲ್ಲ. ದಿನದಂಗೇ."

"ಮತ್ತ ಪ್ರತಿ ಐತ್ವಾರ ಜೋಡಿಗಂಟು ಅದಲ್ಲ?"

ಮಾಣಿಕಮ್ಮ ದಾರವನ್ನು ನೋಡಿದಳು, ಗೂಡಿನಲ್ಲಿದ್ದ ಫೋನನ್ನು ನೋಡಿದಳು. "ಐತ್ವಾರ ಭವಾನಿ ಫೋನ್ ಬರ್ತದ," ಎಂದಳು.

"ಡಾಕ್ಟರಮ್ಮ ಹೇಳಿದ್ದು ಅದೇ ಅಕ್ಕಾ. ಹೊಟ್ಟಿ ಬರೇ ಊಟ ನೋಡಂಗಿಲ್ಲ. ಮನಸಿನಾಗ ಇದ್ದದ್ದೂ ಅದಕ್ಕ ಹತ್ತತದ. ಹಾಲ್ ಬಿಟ್ಟಿ, ಬೆಳ್ಳುಳ್ಳಿ ಬಿಟ್ಟಿ. ಈ ಫೋನ್ ರಿಂಗ್ ಆಗೂದು ಕೇಳ್ಕೋತ ಕುಂದ್ರೂದು ಯಾವಾಗ ಬಿಡ್ತಿ?"

ಬಾಗಿಲಲ್ಲಿ ನಿಂತಿದ್ದ ಬೀರಣ್ಣ ಕೆಮ್ಮಿದ. "ಎಳ್ಳಾಮಾಸಿ ಇನ್ನಾ ಹತ್ತು ದಿನ ಅದ," ಎಂದ. "ಹೊಸ್ತಿಲ ತುಳೀಬ್ಯಾಡ ಅಂದಾಂವ ನಾನು. ನಾನೇ ಬರ್ತೀನಿ ಕರಿಯಾಕ."

"ಬ್ಯಾಡ," ಎಂದಳು ಮಾಣಿಕಮ್ಮ. "ಮೊದಲ ನಾ ಒಬ್ಬಾಕಿನೇ ಹೋಗ್ತೀನಿ. ಬಸ್ಸಿಗೆ."

ಬಸ್ಸಿನ ಹೆದರಿಕೆ ಹೋಗಿರಲಿಲ್ಲ. ಆದರೆ ಈಗ ಅವಳಿಗೆ ದಾರಿ ಗೊತ್ತಿತ್ತು. ಬೇಗ ಎದ್ದು ಅರ್ಧ ರೊಟ್ಟಿ ಮಾತ್ರ ತಿಂದಳು, ಚಹಾ ಬಿಟ್ಟಳು. ಹೊರಗೆ ಹೋಗಿ ಬರಲು ಸಾಕಷ್ಟು ಸಮಯ ಇಟ್ಟುಕೊಂಡಳು. ಗುಳಿಗೆ ಸೆರಗಿನ ಗಂಟಿನಲ್ಲಿತ್ತು. ಜಹೀರಾಬಾದ್ ನಿಲ್ದಾಣದಲ್ಲಿ ಪಾಯಿಖಾನೆ ಎಲ್ಲಿದೆ ಎಂದು ಸ್ವರೂಪಾಳಿಂದ ಕೇಳಿ ತಿಳಿದುಕೊಂಡಿದ್ದಳು. ಬಸ್ಸು ಬೇವಿನ ಮರದ ಕೆಳಗೆ ನಿಂತಿತು.

"ಇವತ್ತರ ನಾಳಿ ಬಂತೇನಮ್ಮಾ?" ಎಂದ ಅದೇ ಕಂಡಕ್ಟರ್.

"ಬಂತು," ಎಂದು ಹತ್ತಿ, ಬಾಗಿಲ ಹತ್ತಿರದ ಸೀಟಿನಲ್ಲಿ ಕೂತಳು.

ದಾರಿಯಲ್ಲಿ ಎರಡು ಸಲ ಹೊಟ್ಟೆ ಹಿಂಡಿತು. ಡಾಕ್ಟರಮ್ಮ ಕಲಿಸಿದ ಹಾಗೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನವಾಗಿ ಉಸಿರೆಳೆದು, ಇನ್ನೂ ನಿಧಾನವಾಗಿ ಬಿಟ್ಟಳು. ನಾಯಿ ಬೊಗಳುತ್ತಿದೆ, ಬೊಗಳಲಿ, ತೋಳ ಬಂದಿಲ್ಲ ಎಂದುಕೊಂಡಳು. ಜಹೀರಾಬಾದಿನಲ್ಲಿ ಇಳಿದು, ಬೇರೆ ಬಸ್ಸು ಹತ್ತಿ ತಾಂಡೂರಿಗೆ ಬಂದಳು. ಅಲ್ಲಿಂದ ಆಟೋದಲ್ಲಿ ಕರಣಕೋಟ.

ಭವಾನಿ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಕ್ಕನನ್ನು ನೋಡಿ ಮೊರ ಕೆಳಗಿಟ್ಟಳು. ಆದರೆ ಏಳಲಿಲ್ಲ.

"ನೀರ್ ಕೊಡಂಗಿಲ್ಲೇನು?" ಎಂದಳು ಮಾಣಿಕಮ್ಮ.

"ಕೊಡಂಗಿಲ್ಲ. ಗಡಿಗಿ ಒಳಗದ. ನೀನೇ ತಗೊಂಡ್ ಕುಡಿ."

ಮಾಣಿಕಮ್ಮ ನಿಂತೇ ಇದ್ದಳು. ಭವಾನಿ ಬೇರೆ ಕಡೆ ನೋಡುತ್ತಾ ಹೇಳಿದಳು, "ದಿನಾ ಎಂಬತ್ತು ಹುಡುಗ್ರಿಗಿ ಉಣ್ಣಾಕ ಹಾಕ್ತೀನಿ ಅಕ್ಕಾ. ನಿನ್ನ ಮಾತು ಈ ಊರಿಗಿ ಬಂದಿದ್ರ ಯಾರು ತಮ್ಮ ಹುಡುಗ್ರಿಗಿ ನನ್ನ ಕೈದು ತಿನಸ್ತಿದ್ರು? ಬರಲಿಲ್ಲ, ನನ್ನ ಪುಣ್ಯ. ಆದ್ರ ದಿನಾ ಬಡಸೂ ಮುಂದ ನಾನೇ ನನ್ನ ಕೈ ನೋಡ್ಕೋತಿದ್ದೆ. ಇದರಾಗ ಏನದ, ನನ್ನ ಅಕ್ಕಗ ಕಂಡದ್ದು ನನಗ ಯಾಕ ಕಾಣಂಗಿಲ್ಲ ಅಂತ."

"ಏನೂ ಇರ್ಲಿಲ್ಲವ್ವ. ನನ್ನ ಕರುಳೇ ಹಂಗದ. ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಹೇಳಿದ್ ಮ್ಯಾಲ ಬಂದಿ."

"ಹೌದು," ಎಂದಳು ಮಾಣಿಕಮ್ಮ. "ತಡಾ ಮಾಡಿ ಬಂದೀನಿ. ಮತ್ತ ಪ್ರತಿ ಐತ್ವಾರ ನೀ ಯಾಕ ಫೋನ್ ಮಾಡ್ತಿದ್ದಿ?"

ಭವಾನಿ ಮೊರದ ಅಕ್ಕಿಯಲ್ಲಿ ಬೆರಳಾಡಿಸಿದಳು. "ರಿಂಗ್ ಆಗ್ತದಲ್ಲ. ರಿಂಗ್ ಆಗೂತನಕ, ನೀ ಅಲ್ಲೇ ಹತ್ತಿರ ಕುಂತು ಕೇಳ್ಲತ್ತಿ ಅಂತ ತಿಳ್ಕೋತಿದ್ದೆ."

ಅಕ್ಕ ಒಳಗೆ ಹೋಗಿ, ಗಡಿಗೆಯಿಂದ ತಾನೇ ನೀರು ತುಂಬಿಕೊಂಡು, ಹೊರಗೆ ತಂದು ತಂಗಿಯ ಎದುರಿಗೆ ಕೂತು ಕುಡಿದಳು. ಎಳ್ಳಮಾವಾಸ್ಯೆಗೆ ಬಾ ಎಂದು ಕರೆದಳು. ಭವಾನಿ ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸತೊಡಗಿದಳು.

ಎಳ್ಳಮಾವಾಸ್ಯೆಯ ದಿನ ಬೀರಣ್ಣ ಹೊಲದಲ್ಲಿ ಜೋಳದ ದಂಟಿನಿಂದ ಪುಟ್ಟ ಗುಡಿಸಲಿನಂಥ ಕೊಂಪೆ ಕಟ್ಟಿ ಪೂಜೆಗೆ ಅಣಿ ಮಾಡಿದ. ಹನ್ನೊಂದಾಯಿತು, ಹನ್ನೆರಡಾಯಿತು. ಮಾಣಿಕಮ್ಮ ಕಡಲೆ ಹೊಲದ ಆಚೆಯ ದಾರಿಯನ್ನು ನೋಡುತ್ತಲೇ ಇದ್ದಳು. ಚರಗ ಚೆಲ್ಲುವ ಹೊತ್ತಿಗೆ ಬದುವಿನ ಮೇಲೆ ಭವಾನಿ ಕಾಣಿಸಿದಳು. ತಲೆಯ ಮೇಲೆ ಬುಟ್ಟಿ. ಬೀರಣ್ಣ ಓಡಿ ಹೋಗಿ ಬುಟ್ಟಿ ಇಳಿಸಿಕೊಂಡ. "ತಪ್ಪಾತವ್ವ," ಎಂದ, ಬುಟ್ಟಿಯನ್ನೇ ನೋಡುತ್ತಾ.

ಬುಟ್ಟಿಯಲ್ಲಿ ಎರಡು ಪಾತ್ರೆಗಳಿದ್ದವು. ದೊಡ್ಡದು ಎಲ್ಲರಿಗೂ. ಸಣ್ಣದನ್ನು ಭವಾನಿ ಅಕ್ಕನ ಮುಂದೆ ತೆರೆದಳು. ಕುಂಬಳ, ಬದನೆಕಾಯಿ, ಮೆಂತ್ಯ, ಪಾಲಕ, ಮೇಲೆ ನಾಲ್ಕೇ ನಾಲ್ಕು ಹಸಿ ಕಡಲೆ. ಅಕ್ಕನಿಂದ ನಂಬರು ಪಡೆದು, ಸ್ವರೂಪಾಳಿಗೆ ಫೋನ್ ಮಾಡಿ ಎಲ್ಲ ಕೇಳಿಕೊಂಡಿದ್ದಳು.

"ಬೆಳ್ಳುಳ್ಳಿ ಹಾಕಿಲ್ಲ," ಎಂದಳು ಭವಾನಿ. "ಉಳ್ಳಾಗಡ್ಡಿ ಹಾಕಿಲ್ಲ. ಅವರಿ, ತೊಗರಿ ಹಾಕಿಲ್ಲ." ಸ್ವಲ್ಪ ತಡೆದು ಅಕ್ಕನ ಮುಖ ನೋಡಿ ಹೇಳಿದಳು, "ಮತ್ತ ಅದೂ ಹಾಕಿಲ್ಲ."

ಮಾಣಿಕಮ್ಮನಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಅವಳು ಕೈ ಚಾಚಲಿಲ್ಲ, ಬಾಯಿ ತೆರೆದಳು. ಭವಾನಿಯ ಕೈ ಅರ್ಧ ದಾರಿಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಸಜ್ಜೆ ರೊಟ್ಟಿಯ ತುಂಡಿನಲ್ಲಿ ಬಜ್ಜಿ ಹಿಡಿದು ಅಕ್ಕನ ಬಾಯಿಗಿಟ್ಟಳು.

ಆಸೆ ತಡೆಯದೆ ಮಾಣಿಕಮ್ಮ ದೊಡ್ಡ ಪಾತ್ರೆಯಿಂದಲೂ ಎರಡು ತುತ್ತು ತಿಂದ ಮಾತು ನಿಜ. ಮರುದಿನ ಹೊಟ್ಟೆ ಸ್ವಲ್ಪ ಹಿಂಡಿದ್ದೂ ನಿಜ. ಅವಳು ದಾರಕ್ಕೆ ಜೋಡಿಗಂಟು ಹಾಕಿ, ಅದರಲ್ಲಿ ಕಂದು ಎಳೆ ಸಿಕ್ಕಿಸಿದಳು. ಯಾರ ಹೆಸರನ್ನೂ ಹಿಡಿಯಲಿಲ್ಲ. ಮುಂದಿನ ಭಾನುವಾರ ಫೋನ್ ರಿಂಗಾಯಿತು. ಅವಳು ಎತ್ತಿದಳು. ಆ ದಿನದ ಗಂಟು ಒಂದೇ.

ಓದುವ, ಕೇಳುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೀಗೆ ಹೊಟ್ಟೆ ಹಿಡಿದುಕೊಂಡು ಬಸ್ಸು ಬಿಟ್ಟವರು, ಮದುವೆ ಮನೆಯ ಊಟ ಬಿಟ್ಟವರು ಇರಬಹುದು. ಅವರಿಗೆ ನಾಟಕ ಎನ್ನಬೇಡಿ, ಮದ್ದು ಎಂದೂ ಹೇಳಬೇಡಿ. ವಾರ ವಾರವೂ ಹೊಟ್ಟೆ ನೋಯುತ್ತಿದ್ದರೆ, ಹೊರಗೆ ಹೋಗುವ ರೀತಿ ಬದಲಾಗಿದ್ದರೆ, ನಾಚದೆ ಸರ್ಕಾರಿ ದವಾಖಾನೆಗೆ ಹೋಗಿ. ಮಲದಲ್ಲಿ ರಕ್ತ, ತಾನಾಗಿ ಇಳಿಯುವ ತೂಕ, ಬಿಡದ ಜ್ವರ ಅಥವಾ ವಾಂತಿ, ರಕ್ತ ಕಡಿಮೆಯಾಗುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ನಲವತ್ತೈದು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಒಂದಿದ್ದರೂ ಒಂದು ದಿನವೂ ಕಾಯಬೇಡಿ. ಅದು ಐಬಿಎಸ್ ಅಲ್ಲದೆ ಬೇರೆಯೇ ಆಗಿರಬಹುದು, ಅದನ್ನು ನೋಡಿ ಹೇಳಬೇಕಾದವರು ಡಾಕ್ಟರ್.

ಇನ್ನೊಂದು ಮಾತನ್ನು ತಪ್ಪು ತಿಳಿಯಬಾರದು. ಮಾಣಿಕಮ್ಮನಿಗೆ ಹಾಲು ಆಗಲಿಲ್ಲವೆಂದು ನೀವೂ ಹಾಲು ಬಿಡಬೇಕಾಗಿಲ್ಲ. ಒಬ್ಬೊಬ್ಬರ ಹೊಟ್ಟೆ ಒಂದೊಂದು ರೀತಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟು ಸೊರಗಬೇಡಿ. ಡಾಕ್ಟರನ್ನು ಕೇಳಿ, ಒಂದೊಂದಾಗಿ ಬಿಟ್ಟು, ಒಂದೊಂದಾಗಿ ತಿಂದು ನೋಡಿ. ಬರೆಯಲು ಬಂದರೆ ಬರೆಯಿರಿ, ಬಾರದಿದ್ದರೆ ದಾರಕ್ಕೆ ಗಂಟು ಹಾಕಿ. ಹೊತ್ತಿಗೆ ಉಣ್ಣಿ, ನಡೆಯಿರಿ, ನಿದ್ದೆ ಮಾಡಿ.

ಮತ್ತೆ, ನೋವಿನ ಸಿಟ್ಟಿನಲ್ಲಿ ನೀವು ದೂರ ಮಾಡಿದವರು ಯಾರಾದರೂ ಇದ್ದರೆ, ಈ ಸಲ ಅವರ ಫೋನ್ ಬಂದಾಗ ಎತ್ತಿ. ಬರದಿದ್ದರೆ ನೀವೇ ಮಾಡಿ.